ಎಂ.ಎ. ಓದುತ್ತ ಕೆಎಎಸ್ ಸಿದ್ಧತೆ: ವಿದ್ಯಾರ್ಥಿವೇತನ ಪಡೆದವರ ಅನುಭವಗಳು

ಮುಧೋಳ ತಾಲ್ಲೂಕಿನಿಂದ, ಕೇಳಿದವರು:
ಈ ವರ್ಷ ಬಿ.ಎ. ಮುಗಿಸಿದ್ದೇನೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮಾಡುತ್ತಲೇ ಕೆಎಎಸ್, ಯುಪಿಎಸ್‌ಸಿ ಪರೀಕ್ಷೆಗಳಿಗೆ ಓದಬೇಕೆಂದಿದ್ದೇನೆ. ಮನೆಯಲ್ಲಿ ಕಬ್ಬಿನ ಆದಾಯವೊಂದೇ ಇರುವುದರಿಂದ ವಿದ್ಯಾರ್ಥಿವೇತನವಿಲ್ಲದೆ ಸಾಗದು. ಓದಲು ಸಮಯ ಸಿಗಲೆಂದು ದೂರಶಿಕ್ಷಣಕ್ಕೆ ಸೇರಬೇಕೆಂಬ ಯೋಚನೆಯಿದೆ. ಅನುಭವವಿರುವ ಅಕ್ಕ, ಅಣ್ಣಂದಿರು ದಯವಿಟ್ಟು ತಿಳಿಸಿ.

ಬೆಳಗಾವಿಯಿಂದ:
ತಂಗಿ, ದೂರಶಿಕ್ಷಣದ ಯೋಚನೆಯನ್ನು ಕೈಬಿಡಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನಾನೂ ಸಮಯ ಉಳಿಯುತ್ತದೆಂದು ನಂಬಿ ಹಾಗೆಯೇ ಸೇರಿದೆ. ಉಳಿದ ಸಮಯವೆಲ್ಲ ಕೋಣೆಯ ಬಾಡಿಗೆಗಾಗಿ ದುಡಿಯುವುದರಲ್ಲಿ ಕಳೆಯಿತು. ರೆಗ್ಯುಲರ್ ತರಗತಿಗೆ ಸೇರಿದ ಗೆಳೆಯ ವಿದ್ಯಾರ್ಥಿವೇತನ ಪಡೆದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಕುಳಿತು ಓದಿದ. ಕೆಎಎಸ್‌ಗಾಗಲಿ ಯುಪಿಎಸ್‌ಸಿಗಾಗಲಿ ಪದವಿ ಸಾಕು, ಎಂ.ಎ. ಕಡ್ಡಾಯವಲ್ಲ. ಆದರೆ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಲಿಖಿತ ಅಂಕಗಳಲ್ಲಿ 500 ಅಂಕ ಐಚ್ಛಿಕ ವಿಷಯದ್ದು. ನೀವು ರಾಜ್ಯಶಾಸ್ತ್ರವನ್ನೇ ಆರಿಸಿಕೊಂಡರೆ ತರಗತಿಯಲ್ಲಿ ಕೇಳಿದ ಪ್ರತಿ ಪಾಠವೂ ಅಲ್ಲಿ ಕೆಲಸಕ್ಕೆ ಬರುತ್ತದೆ.

ವಿಜಯಪುರದಿಂದ:
ಅಣ್ಣ ಹೇಳಿದ್ದು ಸರಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಸ್ನಾತಕೋತ್ತರ ರಾಷ್ಟ್ರೀಯ ವಿದ್ಯಾರ್ಥಿವೇತನ ದೂರಶಿಕ್ಷಣದವರಿಗೆ ಸಿಗುವುದೇ ಇಲ್ಲ. ತಿಂಗಳಿಗೆ 15,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಕೊಡುತ್ತಾರೆ. ದೇಶಕ್ಕೆಲ್ಲ 10,000 ಮಂದಿಗೆ ಮಾತ್ರ, ಆಯ್ಕೆ ಪದವಿಯ ಅಂಕಗಳ ಮೇಲೆ. ಮೊದಲ ವರ್ಷದಲ್ಲಿಯೇ ಎನ್‌ಎಸ್‌ಪಿಯಲ್ಲಿ (ಕೇಂದ್ರದ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣ) ಅರ್ಜಿ ಹಾಕಬೇಕು, ನಂತರ ಕಾಲೇಜಿನಲ್ಲಿ ಈ ಅರ್ಜಿಗಳನ್ನು ನೋಡಿಕೊಳ್ಳುವ ನೋಡಲ್ ಅಧಿಕಾರಿಯನ್ನು ಕಂಡು ಅರ್ಜಿ ಪರಿಶೀಲನೆಯಾಗಿದೆಯೇ ಎಂದು ವಿಚಾರಿಸಬೇಕು. ನನಗೆ ವಿದ್ಯಾರ್ಥಿವೇತನ ಮಂಜೂರಾದ ಮೇಲೂ ನಾಲ್ಕು ತಿಂಗಳು ಪಾಸ್‌ಬುಕ್ ಖಾಲಿಯಾಗಿಯೇ ಇತ್ತು. ವಿಚಾರಿಸಿದಾಗ, ಹಿಂದೆ ಊರಿನ ಶಿಬಿರವೊಂದರಲ್ಲಿ ತೆರೆದು ಮರೆತಿದ್ದ ಖಾತೆಗೆ ಆಧಾರ್ ಜೋಡಣೆಯಾಗಿದ್ದು, ಹಣವೆಲ್ಲ ಅಲ್ಲಿಗೇ ಜಮೆಯಾಗಿದ್ದು ತಿಳಿಯಿತು. ಆದ್ದರಿಂದ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಸರ್ಕಾರದ ಹಣ ಜಮೆಯಾಗಲು ಆಧಾರ್‌ಗೆ ಜೋಡಿಸಿದ ಖಾತೆ, ಯಾವ ಬ್ಯಾಂಕಿಗೆ ಇದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ.

ಬಾಗಲಕೋಟೆಯಿಂದ:
ರಾಜ್ಯದ ಯೋಜನೆಗಳಿಗೆ ಎಸ್‌ಎಸ್‌ಪಿಯಲ್ಲಿ (ರಾಜ್ಯ ವಿದ್ಯಾರ್ಥಿವೇತನ ಜಾಲತಾಣ) ಅರ್ಜಿ ಸಲ್ಲಿಸಬೇಕು. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಕೈಯಲ್ಲಿರಲಿ. ಹಿಂದುಳಿದ ವರ್ಗದವರಾಗಿದ್ದು ಸರ್ಕಾರಿ ವಸತಿನಿಲಯದಲ್ಲಿ ಜಾಗ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗಾಗಿ 10 ತಿಂಗಳು ಸಹಾಯಧನ ದೊರೆಯುತ್ತದೆ. ರೈತರ ಮಕ್ಕಳಿಗಾಗಿ 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸ್ನಾತಕೋತ್ತರ ಓದುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000 ರೂಪಾಯಿ ನಿಗದಿಯಾಗಿತ್ತು. ಅದಕ್ಕೆ ತಂದೆ ಅಥವಾ ತಾಯಿಯ ಹೆಸರಿನಲ್ಲಿ ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಬೇಕಾಗಿತ್ತು. ನಮ್ಮ ಉತಾರದಲ್ಲಿ (ಪಹಣಿ) ಅಜ್ಜನ ಹೆಸರೇ ಉಳಿದಿದ್ದರಿಂದ, ಹತ್ತು ಎಕರೆ ಉಳುವ ಅಪ್ಪ ಸರ್ಕಾರದ ಲೆಕ್ಕದಲ್ಲಿ ರೈತನೇ ಆಗಿರಲಿಲ್ಲ. ವಾರಸಾ ಮಾಡಿಸಿ ಜಮೀನನ್ನು ಅಪ್ಪನ ಹೆಸರಿಗೆ ತರುವಷ್ಟರಲ್ಲಿ ನನ್ನ ಒಂದು ವರ್ಷದ ಸಹಾಯಧನ ಕೈತಪ್ಪಿತು. ಉತಾರ, ಆಧಾರ್, ಅಂಕಪಟ್ಟಿ ಮೂರರಲ್ಲೂ ಅಡ್ಡಹೆಸರು (ಮನೆತನದ ಹೆಸರು) ಒಂದೇ ರೀತಿ ಇದೆಯೇ ಎಂಬುದನ್ನೂ ನೋಡಿರಿ.

ಬೆಳಗಾವಿಯಿಂದ, ಮತ್ತೆ:
ಇನ್ನೊಂದು ಮಾತು. ಅರ್ಜಿ ಮಂಜೂರಾದರೂ ಹಣ ಪ್ರವೇಶದ ದಿನವೇ ಬರುವುದಿಲ್ಲ. ಮೊದಲ ಸೆಮಿಸ್ಟರಿನ ಶುಲ್ಕ ಮತ್ತು ಮೆಸ್ ಖರ್ಚನ್ನು ಈ ಸಲದ ಕಬ್ಬಿನ ಬಿಲ್ಲಿನಲ್ಲಿಯೇ ತೆಗೆದಿಡಲು ಮನೆಯವರಿಗೆ ಹೇಳಿ.

ಮುಧೋಳ ತಾಲ್ಲೂಕಿನಿಂದ:
ಎಲ್ಲರಿಗೂ ಕೃತಜ್ಞತೆಗಳು. ಇಂದು ಉತಾರ ತೆಗೆಸಿ ನೋಡಿದೆ, ನಮ್ಮದರಲ್ಲಿಯೂ ಅಜ್ಜನ ಹೆಸರೇ ಇದೆ. ಸೋಮವಾರ ಅಪ್ಪನನ್ನು ಕರೆದುಕೊಂಡು ತಲಾಠಿಯವರ (ಗ್ರಾಮ ಆಡಳಿತಾಧಿಕಾರಿ) ಕಚೇರಿಗೆ ಹೋಗುತ್ತೇನೆ. ರೆಗ್ಯುಲರ್ ಎಂ.ಎ.ಗೇ ಅರ್ಜಿ ಹಾಕುತ್ತೇನೆ.