ಲೋಕಸಭೆ ಮತ ಎಣಿಕೆ: ನಿಮ್ಮ ಪ್ರಶ್ನೆ, ತಹಶೀಲ್ದಾರ್ ಸಾರ್ ಉತ್ತರ

ಅಡ್ಮಿನ್: 2024ರ ಜೂನ್ 4ರ ಎಣಿಕೆ ಮುಗಿದು ಎರಡು ವಾರ ಕಳೆದರೂ ಗುಂಪಿನಲ್ಲಿ ಜಗಳ ನಿಂತಿಲ್ಲ. ನಮ್ಮ ತಹಶೀಲ್ದಾರ್ ಸಾರ್ ಸಹಾಯಕ ಚುನಾವಣಾಧಿಕಾರಿಯಾಗಿ ಹಲವು ಎಣಿಕೆ ಮಾಡಿಸಿದವರು, ಈಗ ನಿವೃತ್ತರು. ಪ್ರಶ್ನೆ ಇಲ್ಲೇ ಹಾಕಿ. ಪಕ್ಷದ ಮಾತು ಬೇಡ.

ಮಲೆನಾಡ ಅಕ್ಕ: ಸಾರ್, ಬೆಳಿಗ್ಗೆ ಟಿವಿಯಲ್ಲಿ ಮುಂದಿದ್ದವರು ಹತ್ತು ಗಂಟೆಗೆ ಹಿಂದೆ ಬಿದ್ದರು. ಅದು ಹೇಗೆ?

ತಹಶೀಲ್ದಾರ್: ಎಂಟು ಗಂಟೆಗೆ ಮೊದಲು ಕೈಗೆತ್ತಿಕೊಳ್ಳುವುದು ಅಂಚೆ ಮತ. ಅರ್ಧ ಗಂಟೆ ಬಿಟ್ಟು ಮತಯಂತ್ರ. ಸೈನಿಕರು, ಚುನಾವಣಾ ಸಿಬ್ಬಂದಿ, ಮನೆಯಿಂದ ಮತ ಹಾಕಿದ ಹಿರಿಯರು, ಇವರದ್ದೆಲ್ಲ ಅಂಚೆ ಮತ. ಊರಿನ ಒಲವೇ ಅದರಲ್ಲೂ ಇರಬೇಕು ಅಂತೇನಿಲ್ಲ. ಆದರೆ ಅದನ್ನು ಹಗುರವಾಗಿ ನೋಡಬೇಡಿ ಅಕ್ಕ. ಮುಂಬೈ ವಾಯವ್ಯ ಕ್ಷೇತ್ರ ನೋಡಿ. ಮತಯಂತ್ರಗಳ ಲೆಕ್ಕದಲ್ಲಿ ಅಮೋಲ್ ಕೀರ್ತಿಕರ್ ಒಂದೇ ಒಂದು ಮತ ಮುಂದಿದ್ದರು. ಅಂಚೆ ಮತದಲ್ಲಿ ರವೀಂದ್ರ ವಾಯ್ಕರ್ 49 ಮುಂದೆ. ಕೊನೆಗೆ 48 ಮತದಲ್ಲಿ ವಾಯ್ಕರ್ ಗೆದ್ದರು. ತಿರಸ್ಕೃತವಾದ ಅಂಚೆ ಮತ 111. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಕ್ಕಿಂತ ಕಡಿಮೆ ಇದ್ದರೆ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು.

ಗದಗ ಹುಡುಗ: ಅದೇ ಕ್ಷೇತ್ರದಲ್ಲೇ ಅಲ್ವಾ ಮೊಬೈಲ್ ಒಟಿಪಿ ಹಾಕಿ ಮತಯಂತ್ರ ತೆರೆದದ್ದು?

ತಹಶೀಲ್ದಾರ್: ಇಲ್ಲ. ಮತಯಂತ್ರಕ್ಕೆ ಫೋನ್ ಸಂಪರ್ಕವೇ ಇಲ್ಲ, ಒಟಿಪಿಯೂ ಇಲ್ಲ. ಎಣಿಕೆಯ ಅಂಕಿ ತುಂಬುವ ಕಂಪ್ಯೂಟರ್ ವ್ಯವಸ್ಥೆಗೆ ಒಟಿಪಿ ಇದೆ, ಅದು ಬೇರೆ. ಸುದ್ದಿ ಹಾಕಿದ ಪತ್ರಿಕೆಯೇ ಕ್ಷಮೆ ಕೇಳಿದೆ.

ರಾಗಿಮುದ್ದೆ: ಸಾರ್, ಈ ಮೆಸೇಜ್ ನಿಜವಾ? "ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ಆಧಾರ್ ತೋರಿಸಿ ಚಾಲೆಂಜ್ ವೋಟ್ ಕೇಳಿ. ನಿಮ್ಮ ಮತ ಬೇರೆಯವರು ಹಾಕಿದ್ದರೆ ಟೆಂಡರ್ ವೋಟ್ ಕೇಳಿ. ಶೇ 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ ಬಿದ್ದರೆ ಮರುಮತದಾನ."

ತಹಶೀಲ್ದಾರ್: ಸುಳ್ಳು. ಪ್ರತಿ ಚುನಾವಣೆಗೂ ಇದೇ ಮೆಸೇಜ್ ಬರುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡ್ ತೋರಿಸಿದರೂ ಮತ ಇಲ್ಲ. ಚಾಲೆಂಜ್ ಅಂದರೆ ಬೂತ್ ಏಜೆಂಟ್ ಎರಡು ರೂಪಾಯಿ ಕಟ್ಟಿ "ಈ ವ್ಯಕ್ತಿ ಆ ಮತದಾರ ಅಲ್ಲ" ಅಂತ ಆಕ್ಷೇಪ ಹೇಳುವುದು. ಟೆಂಡರ್ ಮತ ಇದೆ, ಕೇಳಿ ಪಡೆಯಿರಿ. ಅದು ಕಾಗದದ ಮತಪತ್ರ. ಲಕೋಟೆಯಲ್ಲಿ ಮುದ್ರೆ ಹಾಕಿ ಇಡುತ್ತಾರೆ, ಎಣಿಕೆಗೆ ಸೇರಿಸುವುದಿಲ್ಲ. ಕೋರ್ಟ್ ಹೇಳಿದರೆ ಮಾತ್ರ ತೆರೆಯುತ್ತಾರೆ. ಶೇ 14ರ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಇಂಥದ್ದನ್ನು ನಂಬಿದವರು ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮೊದಲೇ ನೋಡಿಕೊಳ್ಳುವುದಿಲ್ಲ. ಮತದಾನದ ದಿನ ಬೂತಿನ ಬಾಗಿಲಲ್ಲಿ ಅಳುತ್ತಾ ನಿಲ್ಲುತ್ತಾರೆ. ಅದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಹೊಸ ಮತದಾರ: ತಂಗಿಗೆ ಅಕ್ಟೋಬರ್‌ನಲ್ಲಿ 18 ತುಂಬುತ್ತದೆ. ಈಗಲೇ ಅರ್ಜಿ ಹಾಕಬಹುದಾ?

ಬೂತ್ ಏಜೆಂಟ್: ಸಾರ್, ನಮಸ್ಕಾರ. ಕ್ಷೇತ್ರದ ಹೆಸರು ಹೇಳುವುದಿಲ್ಲ. ನಾನು ಎಣಿಕೆ ಏಜೆಂಟ್ ಆಗಿದ್ದೆ. ನಮ್ಮೂರ ಬೂತಿನ 17ಸಿ (ಮತದಾನ ಮುಗಿದಾಗ ಬೂತಿನ ಒಟ್ಟು ಮತ ಬರೆದುಕೊಡುವ ನಮೂನೆ) ಪ್ರತಿಯಲ್ಲಿ ಒಟ್ಟು ಮತ 742. ಟೇಬಲ್ ಮೇಲೆ ಯಂತ್ರದ ಬಟನ್ ಒತ್ತಿದಾಗ 792 ಬಂತು. ಸೂಪರ್‌ವೈಸರ್ ಯಂತ್ರವನ್ನು ಬದಿಗೆ ಇಟ್ಟರು. ಕೊನೆಯವರೆಗೂ ಎಣಿಸಲೇ ಇಲ್ಲ. ಊರಲ್ಲಿ "ನಮ್ಮ ಮತ ಕಸಕ್ಕೆ ಹೋಯ್ತು" ಅನ್ನುತ್ತಿದ್ದಾರೆ. 50 ಮತ ಎಲ್ಲಿಂದ ಬಂತು?

ತಹಶೀಲ್ದಾರ್: ಸರಿಯಾಗಿ 50 ವ್ಯತ್ಯಾಸವಾ? 17ಸಿ ಇನ್ನೊಮ್ಮೆ ನೋಡಿ ಹೇಳಿ.

ರಾಗಿಮುದ್ದೆ: ಇದಕ್ಕಿಂತ ಸಾಕ್ಷಿ ಬೇಕಾ? ದೇಶದ ತುಂಬ ಹೀಗೇ ಆಗಿದೆ!

ಕೋಲಾರದ ಮೇಷ್ಟ್ರು: ದೇಶದ ತುಂಬ ಹೀಗೇ ಆಗಿದ್ದರೆ 303 ಸೀಟು ಇದ್ದ ಬಿಜೆಪಿಯವರು 240ಕ್ಕೆ ಯಾಕೆ ಇಳಿದರು ಸ್ವಾಮಿ?

ರಾಗಿಮುದ್ದೆ: ಇಳಿದದ್ದು ಒಪ್ಪಿದಿರಲ್ಲ, ಸಂತೋಷ. ಕರ್ನಾಟಕದಲ್ಲೂ 25 ಇದ್ದದ್ದು 17.

ಕೋಲಾರದ ಮೇಷ್ಟ್ರು: ಮೈತ್ರಿಗೆ 293 ಇದೆ. ಬಹುಮತಕ್ಕೆ 272 ಬೇಕಿತ್ತು. ನಿಮ್ಮ ಕಾಂಗ್ರೆಸ್‌ನವರು 99ಕ್ಕೆ ಹಬ್ಬ ಮಾಡುತ್ತಿದ್ದಾರೆ.

ರಾಗಿಮುದ್ದೆ: 52ರಿಂದ 99. ಮಕ್ಕಳಿಗೆ ಕೂಡುವ ಲೆಕ್ಕ ಕಲಿಸಿದ್ದೀರೋ ಇಲ್ಲವೋ?

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಬೂತ್ ಏಜೆಂಟ್: ನೋಡಿದೆ ಸಾರ್. 742. ಅಧ್ಯಕ್ಷಾಧಿಕಾರಿ ಸಹಿ ಇದೆ, ನಮ್ಮ ಏಜೆಂಟ್ ಸಹಿಯೂ ಇದೆ.

ತಹಶೀಲ್ದಾರ್: ಹಾಗಾದರೆ ಅದು ಬಹುಶಃ ಅಣಕು ಮತದಾನದ ಲೆಕ್ಕ. ನಿಧಾನವಾಗಿ ಓದಿ, ಊರವರಿಗೂ ಹೇಳಿ.

ಏಳು ಗಂಟೆಗೆ ಮತದಾನ ಅಂದರೆ ಬೆಳಿಗ್ಗೆ ಐದೂವರೆಗೆ ಯಂತ್ರ ಸರಿ ಇದೆಯಾ ಅಂತ ನೋಡಲು ಏಜೆಂಟರ ಎದುರು ಅಣಕು ಮತದಾನ ನಡೆಯುತ್ತದೆ. ಕನಿಷ್ಠ 50 ಮತ ಹಾಕಬೇಕು. ಆಮೇಲೆ ಮೂರು ಬಟನ್: ಕ್ಲೋಸ್, ರಿಸಲ್ಟ್, ಕ್ಲಿಯರ್. ಕ್ಲಿಯರ್ ಒತ್ತಿ ಒಟ್ಟು ಸೊನ್ನೆ ಅಂತ ಎಲ್ಲರಿಗೂ ತೋರಿಸಬೇಕು. ವಿವಿಪ್ಯಾಟ್ (ಯಾರಿಗೆ ಮತ ಬಿತ್ತು ಅಂತ ಚೀಟಿಯಲ್ಲಿ ತೋರಿಸುವ ಯಂತ್ರ) ಡಬ್ಬಿಯಲ್ಲಿ ಬಿದ್ದ ಚೀಟಿಗಳನ್ನು ತೆಗೆದು, ಹಿಂದೆ ಅಣಕು ಮತದಾನದ ಮುದ್ರೆ ಒತ್ತಿ, ಕಪ್ಪು ಲಕೋಟೆಯಲ್ಲಿ ಹಾಕಿ ಸೀಲ್ ಮಾಡಬೇಕು. ಹಿಂದಿನ ರಾತ್ರಿ ನಿದ್ದೆ ಇಲ್ಲ, ಹೊರಗೆ ಆಗಲೇ ಸಾಲು ನಿಂತಿದೆ. ಆ ಗಡಿಬಿಡಿಯಲ್ಲಿ ಕ್ಲಿಯರ್ ಮರೆತರೆ 50ರ ಮೇಲೇ ನಿಜವಾದ ಮತ ಬೀಳುತ್ತಾ ಹೋಗುತ್ತದೆ.

ಎಣಿಕೆಯ ದಿನ 17ಸಿಗೂ ಯಂತ್ರಕ್ಕೂ ತಾಳೆ ಆಗದಿದ್ದರೆ ಯಂತ್ರವನ್ನು ಬದಿಗೆ ಇಡಬೇಕು ಅಂತಲೇ 2024ರ ಈ ಚುನಾವಣೆಗೆ ಆಯೋಗದ ಸೂಚನೆ ಇತ್ತು. ಉಳಿದದ್ದೆಲ್ಲ ಎಣಿಸಿದ ಮೇಲೆ ಅಂತರ ನೋಡಬೇಕಿತ್ತು. ಬದಿಗಿಟ್ಟ ಬೂತುಗಳ ಒಟ್ಟು ಮತಕ್ಕಿಂತ ಗೆಲುವಿನ ಅಂತರ ಜಾಸ್ತಿ ಇದ್ದರೆ ಅವನ್ನು ಮುಟ್ಟುವಂತಿರಲಿಲ್ಲ. ಅಂತರ ಅಷ್ಟೇ ಅಥವಾ ಕಡಿಮೆ ಇದ್ದರೆ ವಿವಿಪ್ಯಾಟ್ ಚೀಟಿ ಎಣಿಸಬೇಕಿತ್ತು. ನಿಮ್ಮಲ್ಲಿ ಅಂತರ ಎಷ್ಟು?

ಬೂತ್ ಏಜೆಂಟ್: ಲಕ್ಷದ ಮೇಲೆ ಸಾರ್.

ತಹಶೀಲ್ದಾರ್: ಹಾಗಾದರೆ ಫಲಿತಾಂಶ ಬದಲಾಗುವುದಿಲ್ಲ. ಆದರೂ ನಿಮ್ಮೂರವರ ಸಿಟ್ಟು ನ್ಯಾಯವಾದದ್ದೇ. ಬಿಸಿಲಲ್ಲಿ ನಿಂತು 742 ಜನ ಮತ ಹಾಕಿದ್ದಾರೆ. ಯಂತ್ರ ಯಾಕೆ ಬದಿಗೆ ಹೋಯಿತು ಅಂತ ಅಲ್ಲೇ ನಿಮಗೆ ವಿವರಿಸಬೇಕಿತ್ತು. ಐದೂವರೆಗೆ ನಿಮ್ಮ ಏಜೆಂಟ್ ಬೂತಿನಲ್ಲಿದ್ದರಾ? ಸೊನ್ನೆ ನೋಡಿದರಾ? ಅಣಕು ಮತದಾನದ ಪ್ರಮಾಣಪತ್ರಕ್ಕೆ ಸಹಿ ಹಾಕಿದರಾ?

ಇಂದೋರ್ ಸಾಫ್ಟ್‌ವೇರ್: ಇಲ್ಲಿ ನೋಟಾಗೆ (ಯಾವ ಅಭ್ಯರ್ಥಿಯೂ ಬೇಡ ಅನ್ನುವ ಬಟನ್‌ಗೆ) 2,18,674 ಮತ ಬಂದಿದೆ. ನೋಟಾ ಮೊದಲು ಬಂದರೆ ಮರುಚುನಾವಣೆ ಅಲ್ವಾ?

ತಹಶೀಲ್ದಾರ್: ಲೋಕಸಭೆಗೆ ಅಂಥ ನಿಯಮ ಇಲ್ಲ. ನೋಟಾ ಎಷ್ಟೇ ಬರಲಿ, ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಇಂದೋರ್‌ನಲ್ಲಿ ಗೆದ್ದವರ ಅಂತರವೇ 11 ಲಕ್ಷ ದಾಟಿದೆ.

ಗದಗ ಹುಡುಗ: ಸೂರತ್‌ನಲ್ಲಿ ಮತದಾನವೇ ಆಗಲಿಲ್ಲ. ನೋಟಾ ಇದ್ದ ಮೇಲೆ ಅವಿರೋಧ ಆಯ್ಕೆ ಹೇಗೆ ಸಾಧ್ಯ?

ಕೋಲಾರದ ಮೇಷ್ಟ್ರು: ಸಂತೇಮರಹಳ್ಳಿಯಲ್ಲಿ 2004ರಲ್ಲಿ ಧ್ರುವನಾರಾಯಣ ಒಂದೇ ಮತದಿಂದ ಗೆದ್ದರು. ಇದೇ ದಾಖಲೆ ಅಲ್ವಾ ಸಾರ್?

ತಹಶೀಲ್ದಾರ್: ಅದು ವಿಧಾನಸಭೆ. ಲೋಕಸಭೆಯಲ್ಲಿ ಅತಿ ಕಡಿಮೆ ಅಂತರ 9. 1989ರಲ್ಲಿ ಅನಕಾಪಲ್ಲಿ, 1998ರಲ್ಲಿ ರಾಜಮಹಲ್.

ಮೈಸೂರಮ್ಮ: ಸಾರ್, ಶೇ 14 ಟೆಂಡರ್ ವೋಟ್ ಬಂದರೆ ಮರುಮತದಾನ ಅಂತ ಮೆಸೇಜ್ ಬಂದಿದೆ...

ತಹಶೀಲ್ದಾರ್: ಮೇಲೆ ಓದಿ.

ರಾಗಿಮುದ್ದೆ: ಎಲ್ಲ ವಿವಿಪ್ಯಾಟ್ ಚೀಟಿ ಯಾಕೆ ಎಣಿಸಬಾರದು? ಹೆದರಿಕೆಯಾ?

ತಹಶೀಲ್ದಾರ್: ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನ ಚೀಟಿ ಎಣಿಸುತ್ತಾರೆ, ಆ ಬೂತುಗಳನ್ನೂ ಲಾಟರಿ ಎತ್ತಿ ಆರಿಸುತ್ತಾರೆ. 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಸಂಖ್ಯೆ ಅದು. ಪೂರ್ತಿ ಎಣಿಸಿ ಅನ್ನುವ ಬೇಡಿಕೆಯನ್ನು 2024ರ ಏಪ್ರಿಲ್ 26ರಂದು ಅದೇ ಕೋರ್ಟ್ ತಳ್ಳಿಹಾಕಿತು. ಎರಡನೇ, ಮೂರನೇ ಸ್ಥಾನದವರು ಏಳು ದಿನದೊಳಗೆ ಶುಲ್ಕ ಕಟ್ಟಿ ಶೇ 5 ಯಂತ್ರಗಳ ಪರೀಕ್ಷೆ ಕೇಳಬಹುದು ಅಂತಲೂ ಹೇಳಿತು. ಆ ಗಡುವು ಮುಗಿದಿದೆ.

ರಾಗಿಮುದ್ದೆ: ಅಂದರೆ ನೀವೂ ಅವರ ಕಡೆಯೇ.

ಮಲೆನಾಡ ಅಕ್ಕ: ಹಿರಿಯರ ಹತ್ತಿರ ಹೀಗೆ ಮಾತಾಡಬೇಡಪ್ಪ.

ಕೋಲಾರದ ಮೇಷ್ಟ್ರು: ಇವನಿಗೆ ಉತ್ತರ ಬೇಕಾಗಿಲ್ಲ ಅಕ್ಕ, ಜಗಳ ಬೇಕು.

ತಹಶೀಲ್ದಾರ್: ನಾನು ಯಾರ ಕಡೆಯೂ ಅಲ್ಲ. ಅನುಮಾನ ಇದ್ದರೆ ಮುಂದಿನ ಸಲ ಏಜೆಂಟ್ ಆಗಿ ಐದೂವರೆಗೆ ಬೂತಿಗೆ ಬನ್ನಿ. ಸೊನ್ನೆ ನೋಡಿ, ಸಂಜೆ 17ಸಿ ಪ್ರತಿ ಕೇಳಿ ತೆಗೆದುಕೊಳ್ಳಿ. ಮೆಸೇಜ್ ಕಳಿಸಿ ಮತ ಕಾಯಲು ಆಗುವುದಿಲ್ಲ.

ಬೂತ್ ಏಜೆಂಟ್: ಸಾರ್, ವಿಚಾರಿಸಿದೆ. ನಮ್ಮ ಹುಡುಗ ಬೂತಿಗೆ ಬಂದದ್ದೇ ಆರೂವರೆಗಂತೆ. ಪ್ರಮಾಣಪತ್ರಕ್ಕೆ ಆಮೇಲೆ ಸಹಿ ಹಾಕಿದ್ದಾನೆ.

ತಹಶೀಲ್ದಾರ್: ನನಗೆ ಇದ್ದ ಆತಂಕ ಅದೇ. ನೋಡದೆ ಸಹಿ ಹಾಕಿದರೆ ಆಕ್ಷೇಪದ ಬಲ ಹೋಗುತ್ತದೆ. ಈಗ ಎರಡು ಕೆಲಸ ಮಾಡಿ. ನಮೂನೆ 20ರಲ್ಲಿ ಬೂತುವಾರು ಲೆಕ್ಕ ಇರುತ್ತದೆ, ನಿಮ್ಮ ಬೂತಿನ ಮುಂದೆ ಏನು ಬರೆದಿದ್ದಾರೆ ನೋಡಿ. ಯಂತ್ರ ಬದಿಗಿಟ್ಟ ಕಾರಣವನ್ನು ಲಿಖಿತವಾಗಿ ಕೊಡಿ ಅಂತ ಜಿಲ್ಲಾ ಚುನಾವಣಾಧಿಕಾರಿಗೆ ಅರ್ಜಿ ಹಾಕಿ, ಸ್ವೀಕೃತಿ ಪಡೆಯಿರಿ. ಹೈಕೋರ್ಟಿಗೆ ಹೋಗಲು 45 ದಿನ ಇದೆ, ಅಂದರೆ ಜುಲೈ 19, ಶುಕ್ರವಾರದವರೆಗೆ. ಅಭ್ಯರ್ಥಿಯೇ ಆಗಬೇಕಿಲ್ಲ, ಆ ಕ್ಷೇತ್ರದ ಮತದಾರರೂ ಹೋಗಬಹುದು. ಲಕ್ಷದ ಅಂತರದಲ್ಲಿ ಕೋರ್ಟಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಆದರೆ ಊರವರಿಗೆ ಓದಿ ಹೇಳಲು ಒಂದು ಕಾಗದ ಕೈಯಲ್ಲಿರಲಿ.

ಮೈಸೂರಮ್ಮ: ಮೇಲೆ ಅಂದರೆ ಎಲ್ಲಿ ಸಾರ್? ಸಿಗುತ್ತಿಲ್ಲ.

ಬೂತ್ ಏಜೆಂಟ್: ಸೋಮವಾರ ಅರ್ಜಿ ಕೊಡುತ್ತೇನೆ ಸಾರ್. ಕರಡು ನಿಮಗೆ ಕಳಿಸಲಾ?

ತಹಶೀಲ್ದಾರ್: ಕಳಿಸಿ. 17ಸಿಯ ಫೋಟೋ ಜೊತೆಗಿರಲಿ. ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ.