ಸಹಾಯ ಬೇಕು: ಗಣಿ ಪಕ್ಕದ ತೊರೆ ನೀರನ್ನು ಯಾವ ಮಿತಿಗೆ ಹೋಲಿಸಬೇಕು?

ಕಲ್ಲಿದ್ದಲು ಗಣಿ ಪಕ್ಕದ ತೊರೆಯ ನೀರನ್ನು ನಾವು ನಾಲ್ಕು ಜನ ವಾರಕ್ಕೊಮ್ಮೆ ಅಳೆಯುತ್ತಿದ್ದೇವೆ. ಗಣಿಗಿಂತ ಮೇಲೆ ಪಿಎಚ್ 7.2, ಕೆಳಗೆ 5.1. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ, ಅಂದರೆ ಇಲ್ಲಿ ನೂರು ಪಟ್ಟಿಗೂ ಜಾಸ್ತಿ, ಅಲ್ವಾ? ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೋಳೆ ಕೂತಿದೆ. ಉಜ್ಜಿದರೆ ಬೆರಳಿಗೆ ತುಕ್ಕಿನ ಹಾಗೆ ಅಂಟುತ್ತದೆ. ಮೊದಲು ಅಲ್ಲಿ ಸಣ್ಣ ಮೀನುಗಳಿದ್ದವು, ಈಗ ಒಂದೂ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗಣಿಯ ಪರವಾನಗಿಯಲ್ಲಿ ಕಬ್ಬಿಣ, ಮ್ಯಾಂಗನೀಸ್‌ಗೆ ದಿನದ ಗರಿಷ್ಠ ಮಿತಿ ಬೇರೆ, ತಿಂಗಳ ಸರಾಸರಿ ಬೇರೆ ಇದೆ. ಅದೂ ನೀರು ಹೊರಬಿಡುವ ಕೊಳವೆಗೆ ಮಾತ್ರ. ನಮ್ಮ ಮಾದರಿ ತೊರೆಯದು, ಅಲ್ಲಿ ನೀರು ಬೆರೆತು ತೆಳುವಾಗಿರುತ್ತದೆ. ಹಾಗಾದರೆ ಯಾವುದಕ್ಕೆ ಹೋಲಿಸಬೇಕು? ಲೋಹದ ಪರೀಕ್ಷೆಗೆ ಮಾದರಿಯನ್ನು ಸೋಸಿ ಆಮ್ಲ ಹಾಕಬೇಕಾ, ಸೋಸದೆಯೇ ಹಾಕಬೇಕಾ? ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ. ಮುಂದಿನ ಮಾದರಿ ಭಾನುವಾರ ತೆಗೆಯುತ್ತೇವೆ.