ಗೌರಿ ಹೂ ಕುಂಡದಲ್ಲಿ ಬರುತ್ತಾ?

ಹಾಸನದಿಂದ ಕೇಳ್ತಿದೀನಿ. ಶ್ರಾವಣದಲ್ಲಿ ಕುಂದಾಪುರದ ಅತ್ತೆ ಮನೆಗೆ ಹೋಗಿದ್ದಾಗ ಬೇಲಿ ತುಂಬ ಗೌರಿ ಹೂ, ಬುಡ ಹಳದಿ ತುದಿ ಕೆಂಪು, ಥೇಟ್ ಬೆಂಕಿ ನಾಲಿಗೆ. ಒಂದು ಗೆಡ್ಡೆ ಕಿತ್ಕೊಂಡ್ ಬಂದು ಕುಂಡಕ್ಕೆ ಹಾಕ್ದೆ, ಚೆನ್ನಾಗೇ ಇತ್ತು, ದೀಪಾವಳಿ ಹೊತ್ತಿಗೆ ದಿನಾ ನೀರು ಹಾಕಿದ್ರೂ ಪೂರ್ತಿ ಒಣಗೋಯ್ತು. ಸತ್ತೋಯ್ತಾ?

ಸಕಲೇಶಪುರದವ: ಸತ್ತಿಲ್ಲ ಮಾರಾಯ್ರೇ, ಮಲಗಿದೆ. ಮಳೆಗಾಲದ ಬಳ್ಳಿ ಅದು, ಮೊದ್ಲು ನೀರು ನಿಲ್ಸಿ, ಇಲ್ಲಾಂದ್ರೆ ಗೆಡ್ಡೆ ಕೊಳೆಯುತ್ತೆ. ಮುಂಗಾರಿಗೆ ತಾನೇ ಚಿಗುರುತ್ತೆ. ಗೆಡ್ಡೆ ಕವೆ ಥರ ಇರುತ್ತಲ್ಲ, ಮೊಳಕೆ ಬರೋದು ತುದೀಲಿ, ಅದು ಮುರಿದ್ರೆ ಆ ಕವಲಿನ ಕಥೆ ಮುಗೀತು. ಎಲೆ ತುದೀನೇ ಸುರುಳಿಯಾಗಿ ಹಿಡ್ಕೊಳ್ಳೋದು, ಹಂಗಾಗಿ ಸಣ್ಣ ಕಡ್ಡಿ ಊರಿ.

ಮೂಡಿಗೆರೆ ತೋಟ: ಮಕ್ಕಳು, ನಾಯಿ ಇದ್ರೆ ಹುಷಾರು! ಇಡೀ ಗಿಡ ವಿಷ, ಗೆಡ್ಡೆ ಬೀಜದಲ್ಲಿ ಕೊಲ್ಚಿಸಿನ್ ಅನ್ನೋ ವಿಷ ಜಾಸ್ತಿ. ಗೆಣಸು ಅಂದ್ಕೊಂಡು ತಿಂದು ಜೀವ ಕಳ್ಕೊಂಡವ್ರಿದಾರೆ. ಗ್ಲೌಸ್ ಹಾಕ್ಕೊಂಡೇ ಮುಟ್ಟಿ. ಇನ್ನೊಂದು, ಬೇಜಾರಾಗ್ಬೇಡಿ, ಕಾಡು ಬೇಲಿಯಿಂದ ಗೆಡ್ಡೆ ಕೀಳ್ಬೇಡಿ, ಔಷಧಿಗೆ ಅಂತ ಕಿತ್ತು ಕಿತ್ತೇ ಕಮ್ಮಿಯಾಗಿರೋದು. ಬೀಜ ಹಾಕಿ, ಹೂವಿಗೆ ಮೂರ್ನಾಲ್ಕು ವರ್ಷ ಕಾಯ್ಬೇಕು ಅಷ್ಟೆ.

ಕೇಳಿದವಳು: ಈಗ ಮಣ್ಣು ಕೆದಕಿ ನೋಡ್ದೆ, ಗೆಡ್ಡೆ ಗಟ್ಟಿಯಾಗೇ ಇದೆ! ಬರಿಗೈಲಿ ಕೆದಕಿದ್ದೆ, ಕೈ ತೊಳೆಯಕ್ಕೆ ಹೋಗ್ತಿದೀನಿ 😅